ಮುಂಚಕ್ರದ ಎಳೆತ, ಮುಂಚಕ್ರದ ಕುಪ್ಪಳಿಕೆ

ಮೈಸೂರಿನ ಒಂಟಿಕೊಪ್ಪಲಿನ ಹಳೆಯ ಮನೆಗಳ ಮುಂದೆ ಅಂಬಾಸಿಡರ್, ಪದ್ಮಿನಿಗಳು ನಿಲ್ಲುತ್ತಿದ್ದ ಕಾಲದಲ್ಲಿ ಟಾರ್ಕ್ ಸ್ಟಿಯರ್ (ಕಾಲೊತ್ತಿದಾಗ ಸ್ಟಿಯರಿಂಗ್ ಪಕ್ಕಕ್ಕೆ ಎಳೆಯುವುದು), ವೀಲ್ ಹಾಪ್ (ಚಕ್ರ ಕುಪ್ಪಳಿಸುವುದು) ಎಂಬ ಎರಡು ಕಾಯಿಲೆಗಳ ಹೆಸರು ಯಾರ ಕಿವಿಗೂ ಬಿದ್ದಿರಲಿಲ್ಲ. ಆ ಕಾರುಗಳಲ್ಲಿ ಎಂಜಿನ್ ಮುಂದೆ, ತಳ್ಳುವ ಕೆಲಸ ಹಿಂದಿನ ಚಕ್ರದ್ದು. ಮುಂಚಕ್ರಕ್ಕೆ ತಿರುಗುವುದಷ್ಟೇ ಕೆಲಸ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಎಳೆಯುವುದನ್ನೂ ತಿರುಗುವುದನ್ನೂ ಮುಂಚಕ್ರದ ತಲೆಗೇ ಕಟ್ಟಿತು. ಆದರೂ ಯಾರೂ ದೂರಲಿಲ್ಲ. ಅದರ ಟಾರ್ಕ್ (ತಿರುಗಿಸುವ ಬಲ) 60 ನ್ಯೂಟನ್-ಮೀಟರಿನ ಆಸುಪಾಸು. ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುವ ತಾಕತ್ತು ಅದಕ್ಕಿರಲಿಲ್ಲ.

ಹೊರಗಿನ ಜಗತ್ತು ಆ ಹೊತ್ತಿಗೆ ಸಾಕಷ್ಟು ಪಾಡು ಪಟ್ಟಿತ್ತು. ತಿರುಗುವ ಚಕ್ರಕ್ಕೆ ಏರುಪೇರಿಲ್ಲದೆ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟ್‌ಗಳು 1920ರ ದಶಕದಲ್ಲೇ ಹುಟ್ಟಿದ್ದವು. 1934ರಲ್ಲಿ ಸಿಟ್ರೊಯೆನ್ ಮುಂಚಕ್ರ ಎಳೆಯುವ ತನ್ನ ಟ್ರಾಕ್ಸಿಯೋಂ ಅವಾಂ ಕಾರನ್ನು ತಂದಿತು. 1959ರಲ್ಲಿ ಅಲೆಕ್ ಇಸಿಗೋನಿಸ್ ಮಿನಿಯಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ಇಟ್ಟರು. ಇಂದಿನ ಬಹುಪಾಲು ಕಾರುಗಳ ಮಾದರಿ ಮಾತ್ರ ಡಾಂಟೆ ಜಕೋಸಾ ಅವರದು. 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಅವರು ಗೇರ್‌ಬಾಕ್ಸನ್ನು ಅಡ್ಡ ಎಂಜಿನ್ನಿನ ಒಂದು ಬದಿಗೆ ಸೇರಿಸಿದರು. ಜಾಗ ಉಳಿಯಿತು, ಖರ್ಚು ತಗ್ಗಿತು. ಆದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡು ಡ್ರೈವ್ ಶಾಫ್ಟ್‌ಗಳಲ್ಲಿ ಒಂದು ಗಿಡ್ಡ, ಇನ್ನೊಂದು ಉದ್ದ ಆದವು. ಟಾರ್ಕ್ ಸ್ಟಿಯರಿನ ಮೂಲಗಳಲ್ಲಿ ದೊಡ್ಡದು ಇದೇ.

ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಕಾರಿನ ಮೂತಿ ಮೇಲೇಳುತ್ತದೆ. ಆಗ ಗಿಡ್ಡ ಶಾಫ್ಟ್ ಹೆಚ್ಚು ಓರೆಯಾಗುತ್ತದೆ, ಉದ್ದನೆಯದು ಕಡಿಮೆ. ಓರೆಯಾದ ಜಾಯಿಂಟ್ ಟಾರ್ಕನ್ನು ಚಕ್ರಕ್ಕೆ ದಾಟಿಸುತ್ತಲೇ ಅದನ್ನು ಪಕ್ಕಕ್ಕೆ ತಿರುಗಿಸಲೂ ನೋಡುತ್ತದೆ. ಎರಡೂ ಬದಿಯ ಸೆಳೆತ ಸಮನಾಗಿದ್ದರೆ ಸ್ಟಿಯರಿಂಗ್ ರ‍್ಯಾಕಿನಲ್ಲೇ ಒಂದನ್ನೊಂದು ರದ್ದು ಮಾಡುತ್ತಿದ್ದವು. ಸಮನಿಲ್ಲವಾದ್ದರಿಂದ ಉಳಿದದ್ದು ಚಾಲಕನ ಕೈಗೆ ಬರುತ್ತದೆ.

ಮುಂಚಕ್ರದ ಕಾರುಗಳಿಗೆ ಟರ್ಬೊ ಎಂಜಿನ್ ಬಂದ ಮೇಲೆ ಇದು ಎದ್ದು ಕಂಡಿತು. ಮೊದಲ ಮದ್ದು ಸರಳ: ಉದ್ದದ ಶಾಫ್ಟನ್ನು ಎರಡು ತುಂಡು ಮಾಡಿ, ಒಳತುಂಡನ್ನು ಬೇರಿಂಗ್ ಹಾಕಿ ಎಂಜಿನ್ನಿಗೇ ಬಿಗಿಯುವುದು. ಹೊರಗುಳಿದ ಶಾಫ್ಟ್‌ಗಳು ಸರಿಸಮ ಆಗುತ್ತವೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಕಾಸಿಗೆ ತಕ್ಕ ಕೆಲಸ ಮಾಡಿದ ಉಪಾಯ ಇದೊಂದೇ. ಎರಡನೆಯ ಮದ್ದು ದುಬಾರಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷವನ್ನು ಸಸ್ಪೆನ್ಷನ್ನಿನ ಸ್ಟ್ರಟ್‌ನಿಂದ ಬೇರ್ಪಡಿಸಿ ಚಕ್ರದ ಮಧ್ಯಕ್ಕೆ ಹತ್ತಿರ ತಂದರೆ, ಎಳೆತಕ್ಕೆ ಸಿಗುವ ಸನ್ನೆಯ ಉದ್ದವೇ ಕುಗ್ಗುತ್ತದೆ. 2004ರ ಮೆಗಾನ್ ಆರ್‌ಎಸ್‌ನಲ್ಲಿ ರೆನೋ ಇದನ್ನು ಮಾಡಿತು. 2009ರ ಫೋಕಸ್ ಆರ್‌ಎಸ್‌ನಲ್ಲಿ ಫೋರ್ಡ್ ಇದೇ ದಾರಿ ಹಿಡಿದು 305 ಅಶ್ವಶಕ್ತಿಯನ್ನು ಮುಂಚಕ್ರಕ್ಕೇ ಕೊಟ್ಟಿತು. ಮುಂಚಕ್ರಕ್ಕೆ 200 ಮೀರಿದರೆ ಕೆಟ್ಟಿತು ಎಂಬ ಹಳೆಯ ಮಾತು ಅಲ್ಲಿಗೆ ಮುಗಿಯಿತು.

ವೀಲ್ ಹಾಪ್ ಬೇರೆ ಜಾತಿಯದು. ಟೈರ್ ನೆಲ ಕಚ್ಚಿದಾಗ ಶಾಫ್ಟ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಸಸ್ಪೆನ್ಷನ್ನಿನ ಲೋಯರ್ ಆರ್ಮಿನ ರಬ್ಬರ್ ಬುಷ್ ಒತ್ತಿಕೊಳ್ಳುತ್ತದೆ, ಎಂಜಿನ್ ತನ್ನ ಮೌಂಟಿಂಗ್ ಮೇಲೆ ಹಿಂದಕ್ಕೆ ವಾಲುತ್ತದೆ. ಟೈರ್ ಜಾರಿದ ಕ್ಷಣ ಇವೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಟೈರ್ ಮತ್ತೆ ಕಚ್ಚುತ್ತದೆ. ಇದು ಸೆಕೆಂಡಿಗೆ ಹತ್ತಾರು ಬಾರಿ ನಡೆದಾಗ ಬಾನೆಟ್ ಕೆಳಗೆ ದಡದಡ ಸದ್ದು. ಜಾಯಿಂಟ್ ಮುರಿಯುವುದೂ ಉಂಟು. ಗಟ್ಟಿ ಬುಷ್, ಗಟ್ಟಿ ಮೌಂಟಿಂಗ್ ಹಾಕಿದರೆ ಹಾಪ್ ತಗ್ಗುತ್ತದೆ, ಕಂಪನ ಮಾತ್ರ ಸೀಟಿಗೆ ಬರುತ್ತದೆ. ತಯಾರಕರು ಹೆಚ್ಚಾಗಿ ಟ್ರ್ಯಾಕ್ಷನ್ ಕಂಟ್ರೋಲಿಗೆ ಮೊರೆಹೋಗುವುದು ಇದಕ್ಕೇ.

ನಮ್ಮ ಸೀಮೆಗೂ ಆಕ್ಸಲ್‌ಗೂ ನಂಟು ಹಳೆಯದು. ಮೈಸೂರಿನ ಹೂಟಗಳ್ಳಿಯಲ್ಲಿ ಆಟೋಮೋಟಿವ್ ಆಕ್ಸಲ್ಸ್ ಲಾರಿಗಳಿಗೆ ಹಿಂದಿನ ಆಕ್ಸಲ್ ಮಾಡುತ್ತದೆ. ಬಿಡದಿಯಲ್ಲಿ 2005ರಿಂದ ತಯಾರಾದ ಟೊಯೋಟಾ ಇನ್ನೋವಾ ಹಿಂಚಕ್ರ ತಳ್ಳುವ ಗಾಡಿ. 2022ರಲ್ಲಿ ಅದೇ ಬಿಡದಿಯಿಂದ ಇನ್ನೋವಾ ಹೈಕ್ರಾಸ್ ಬಂದಾಗ ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಾಯವಾಗಿ ಎಲ್ಲ ಭಾರ ಮುಂಚಕ್ರಕ್ಕೆ ಬಿತ್ತು. ಇನ್ನೋವಾದಂಥ ಗಾಡಿಯೂ ಬದಲಾಯಿತು ಎಂದ ಮೇಲೆ, ಈ ವಿಷಯ ರೇಸ್ ಹುಡುಗರದ್ದಾಗಿ ಉಳಿದಿಲ್ಲ.

ಇನ್ನು ಎಲೆಕ್ಟ್ರಿಕ್ ಕಾರು. 2019ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕೋನಾದ ಟಾರ್ಕ್ 395 ನ್ಯೂಟನ್-ಮೀಟರ್, ಅದೂ ಮುಂಚಕ್ರಕ್ಕೆ, ನಿಂತಲ್ಲಿಂದಲೇ. ಮಳೆಯಲ್ಲಿ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾಲೊತ್ತಿದರೆ, ಏರಿನಿಂದ ಮೊದಲೇ ಹಗುರಾದ ಮುಂಚಕ್ರ ಸುಮ್ಮನೆ ತಿರುಗುತ್ತದೆ. ಸಮಾಧಾನದ ಸಂಗತಿಯೆಂದರೆ ಪೆಟ್ರೋಲ್ ಎಂಜಿನ್ನಿಗಿಂತ ಮೋಟಾರು ಬಹಳ ಬೇಗ ಮಾತು ಕೇಳುತ್ತದೆ. ಮಿಲಿಸೆಕೆಂಡುಗಳಲ್ಲಿ ಟಾರ್ಕ್ ಇಳಿಸಬಹುದು. ಸ್ಟಿಯರಿಂಗಿನ ವಿದ್ಯುತ್ ಮೋಟಾರು ಎಳೆತಕ್ಕೆ ಎದುರು ಬಲವನ್ನೂ ಕೊಡಬಲ್ಲದು. ಆದರೆ ಸವೆದ ಬುಷ್‌ಗೆ ಸಾಫ್ಟ್‌ವೇರ್ ಮದ್ದಲ್ಲ, ಅದು ಕಾಯಿಲೆಯನ್ನು ಮುಚ್ಚುತ್ತದಷ್ಟೇ.

ಗಾಡಿ ಎಳೀತಿದೆ ಎಂದರೆ ಗ್ಯಾರೇಜಿನಲ್ಲಿ ಮೊದಲು ಹೇಳುವುದು ವೀಲ್ ಅಲೈನ್‌ಮೆಂಟ್. ಸದಾ ಎಳೆದರೆ ಸರಿ. ಕಾಲೊತ್ತಿದಾಗ ಮಾತ್ರ ಎಳೆದು, ಕಾಲು ತೆಗೆದರೆ ನೆಟ್ಟಗಾಗುತ್ತಿದ್ದರೆ ಅಲೈನ್‌ಮೆಂಟಿಗೆ ದುಡ್ಡು ಸುರಿಯಬೇಡಿ. ಮುಂದಿನ ಎರಡು ಟೈರುಗಳ ಗಾಳಿ, ಸವೆತ ಒಂದೇ ಇದೆಯೇ ನೋಡಿ. ಆಮೇಲೆ ಕಾರನ್ನು ಎತ್ತಿಸಿ, ಲೋಯರ್ ಆರ್ಮ್ ಬುಷ್ ಮತ್ತು ಎಂಜಿನ್ ಮೌಂಟಿಂಗನ್ನು ಕಬ್ಬಿಣದ ಬಾರಿನಿಂದ ಮೀಟಿ ತೋರಿಸಲು ಹೇಳಿ.