ಕಪ್ಪು ಕೂರುವ ಕಾಗದ

ಮೇಲುಕೋಟೆಯಲ್ಲಿ ಕಪ್ಪು-ಬಿಳುಪಿನ ಕಸುಬು ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ತಾಳೆಗರಿಯ ಕಟ್ಟುಗಳಿವೆ. ಲೋಹದ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗಿನ ಮಸಿಯಷ್ಟೇ ಉಳಿಯುತ್ತದೆ. ದೀಪದ ಮಸಿ ಬಹುಪಾಲು ಇಂಗಾಲ, ಬೆಳಕಿಗೆ ಬಣ್ಣಗೆಡುವುದಿಲ್ಲ. ಇವತ್ತು ನಾನು ಫೋಟೊ ಮುದ್ರಿಸುವ ಇಂಕ್‌ಜೆಟ್ ಪ್ರಿಂಟರಿನ ಕಪ್ಪು ಶಾಯಿಯಲ್ಲಿ ಇರುವುದೂ ನುಣ್ಣನೆಯ ಇಂಗಾಲದ ಕಣಗಳೇ. ಮಸಿ ಹಾಗೇ ಇದೆ, ಬದಲಾಗುತ್ತ ಬಂದದ್ದು ಅದು ಕೂರುವ ಜಾಗ.

ನಮ್ಮ ನಾಡಿನ ಕಡತವನ್ನು ಈ ಕಥೆಯಲ್ಲಿ ಬಿಡುವಂತಿಲ್ಲ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಹತ್ತಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ದಾಖಲೆ ಅದರಲ್ಲೇ; ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಕಪ್ಪು ನೆಲ, ಬಿಳಿ ಅಕ್ಷರ: ಫೋಟೊದವನಾದ ನನ್ನ ಕಣ್ಣಿಗೆ ಅದು ನೆಗೆಟಿವ್. ಬರಿಯ ಬಟ್ಟೆ ಸಾಲದು, ಮೇಲೊಂದು ಲೇಪ ಬೇಕು ಎಂಬ ತಿಳಿವಳಿಕೆ ಅದನ್ನು ಮಾಡಿದವರಿಗಿತ್ತು. ಇಂಕ್‌ಜೆಟ್‌ನ ಹತ್ತಿ ಕಾಗದ ನಿಂತಿರುವುದೂ ಈ ತಿಳಿವಳಿಕೆಯ ಮೇಲೆಯೇ. ಕೆಳಗೆ ಹತ್ತಿಯ ನಾರು, ಮೇಲೆ ಶಾಯಿಯನ್ನು ಹಿಡಿದಿಡುವ ಸಿಲಿಕಾ ಲೇಪ. ಲೇಪವಿಲ್ಲದ ಕೈಕಾಗದದಲ್ಲಿ ಶಾಯಿ ನಾರಿನೊಳಕ್ಕೆ ಇಳಿದುಹೋಗಿ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ.

ಕನ್ನಡ ನಾಡಿನ ಗುಡಿಗಳಿಗೆ ಕ್ಯಾಮೆರಾ ಬಂದದ್ದು 1850ರ ದಶಕದಲ್ಲಿ. ಥಾಮಸ್ ಬಿಗ್ಸ್, ಡಾಕ್ಟರ್ ಪಿಗೊ, ಡಾಕ್ಟರ್ ನೀಲ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಆ ಸಂಪುಟಕ್ಕೆ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ವಿವರಣೆ ಬರೆದರು. ಆ ಕಾಲದ ಪ್ರಿಂಟುಗಳದು ಮೊಟ್ಟೆಯ ಬಿಳಿಲೋಳೆ ಬಳಿದ ತೆಳು ಕಾಗದ. ಕಾಲ ಕಳೆದಂತೆ ಅಂಥ ಪ್ರಿಂಟಿನ ಬಿಳುಪು ಹಳದಿಗೆ ತಿರುಗುತ್ತದೆ, ನೆರಳು ಕಂದಾಗುತ್ತದೆ. ಆಮೇಲೆ ಮೈಸೂರು ಪುರಾತತ್ವ ಇಲಾಖೆ ಬಂತು. 1906ರಿಂದ 1922ರವರೆಗೆ ಅದನ್ನು ನಡೆಸಿದ ಆರ್. ನರಸಿಂಹಾಚಾರ್ಯರ ವಾರ್ಷಿಕ ವರದಿಗಳಲ್ಲಿ ಶಾಸನಗಳ ಜೊತೆಗೆ ಗುಡಿಗಳ ಫೋಟೊಗಳೂ ಅಚ್ಚಾದವು.

ನಾನು ಕೆಲಸ ಕಲಿತದ್ದು ಪಾಂಡವಪುರದಲ್ಲಿ, ನಮ್ಮ ಅಪ್ಪನ ಸ್ಟುಡಿಯೊದ ಡಾರ್ಕ್ ರೂಮಿನಲ್ಲಿ. ಕೆಂಪು ಬಲ್ಬು, ಮೂರು ಟ್ರೇ, ಹೈಪೊ ವಾಸನೆ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಕಾಗದ ನಮ್ಮ ಕಡೆಯ ಸ್ಟುಡಿಯೊಗಳ ಅನ್ನ. ಮಂಕು ನೆಗೆಟಿವ್‌ಗೆ ಹಾರ್ಡ್ ಗ್ರೇಡು, ಬಿಸಿಲಿನಲ್ಲಿ ತೆಗೆದದ್ದಕ್ಕೆ ಸಾಫ್ಟ್. ಕಾಗದದ ಆಯ್ಕೆಯೆಂದರೆ ಅರ್ಧ ಪ್ರಿಂಟ್ ಮುಗಿದಂತೆ ಎಂದು ಅಪ್ಪ ಹೇಳುತ್ತಿದ್ದರು. ಬ್ರೋಮೈಡ್ ಕಾಗದದ ನಾರಿಗೂ ಬೆಳ್ಳಿಯ ಪದರಕ್ಕೂ ನಡುವೆ ಬೇರಿಯಂ ಸಲ್ಫೇಟಿನ ಒಂದು ಬಿಳಿ ಹಾಸು ಇರುತ್ತದೆ, ಅದೇ ಬರೈಟಾ. ಬೆಳಕು ಆ ಹಾಸಿಗೆ ತಗುಲಿ ತಿರುಗಿ ಬರುವುದರಿಂದಲೇ ಹಳೆಯ ಪ್ರಿಂಟುಗಳಲ್ಲಿ ಮುಖಗಳು ಒಳಗಿನಿಂದ ಬೆಳಗಿದಂತೆ ಕಾಣುವುದು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಜೀವಮಾನವಿಡೀ ಕಪ್ಪು-ಬಿಳುಪಿನಲ್ಲಿ ಹಿಡಿದ ಸಾಮಾನ್ಯ ಜನರ ಮುಖಗಳು ಬಂದದ್ದೂ ಇಂಥ ಕಾಗದದ ಮೇಲೆಯೇ.

ಕಲರ್ ಲ್ಯಾಬ್‌ಗಳು ಬಂದವು, ಡಾರ್ಕ್ ರೂಮುಗಳು ಮುಚ್ಚಿದವು. ಕಪ್ಪು-ಬಿಳುಪು ಬೇಕೆಂದರೆ ಕಲರ್ ಕಾಗದದಲ್ಲೇ ತೆಗೆದುಕೊಡುತ್ತಿದ್ದರು. ಒಂದು ಪ್ರಿಂಟು ಹಸಿರು, ಇನ್ನೊಂದು ನೇರಳೆ. ನನಗೆ ಅದು ನೋಡಲಾಗುತ್ತಿರಲಿಲ್ಲ. 2005ರಲ್ಲಿ ಎಪ್ಸನ್ ಕಂಪನಿ ಕಪ್ಪು, ತಿಳಿಗಪ್ಪು, ಇನ್ನೂ ತಿಳಿಗಪ್ಪು ಎಂದು ಮೂರು ಹಂತದ ಪಿಗ್‌ಮೆಂಟ್ ಶಾಯಿಯ ಪ್ರಿಂಟರುಗಳನ್ನು ತಂದ ಮೇಲೆ ಬೂದು ಬೂದಾಗಿಯೇ ಬರತೊಡಗಿತು. ಆಗ ಕಾಗದದ ಪ್ರಶ್ನೆ ಮತ್ತೆ ನಮ್ಮ ಮುಂದೆ ಬಂದು ನಿಂತಿತು.

ಕಾಗದಕ್ಕೆ ನಮ್ಮ ಮಂಡ್ಯ ಜಿಲ್ಲೆ ಹೊಸದಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್‌ನಲ್ಲಿ ಕಬ್ಬಿನ ರಚ್ಚಿನಿಂದ ಕಾಗದ ಆಗುತ್ತಿತ್ತು, ಈಗ ಮುಚ್ಚಿದೆ. ಕಲಾಮುದ್ರಣದ ಹತ್ತಿ ಕಾಗದ ಮಾತ್ರ ಹೆಚ್ಚಾಗಿ ಹೊರದೇಶದಿಂದ ಬರುತ್ತದೆ. ಜರ್ಮನಿಯ ಹಾನೆಮ್ಯೂಲೆ ಕಾರ್ಖಾನೆ ಶುರುವಾದದ್ದು 1584ರಲ್ಲಿ. ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜಮುಡಿ ಕಿರೀಟ ಒಪ್ಪಿಸಿದ ರಾಜ ಒಡೆಯರು ಶ್ರೀರಂಗಪಟ್ಟಣ ಗೆಲ್ಲಲು ಆಗ ಇನ್ನೂ 26 ವರ್ಷ ಬಾಕಿಯಿತ್ತು. ಹಾನೆಮ್ಯೂಲೆಯ ಫೋಟೊ ರ‍್ಯಾಗ್ ಚದರ ಮೀಟರಿಗೆ 308 ಗ್ರಾಂ ತೂಗುವ ಅಪ್ಪಟ ಹತ್ತಿ ಕಾಗದ. ಬೆರಳಾಡಿಸಿದರೆ ಹಲವು ಸಲ ಒಗೆದ ಮೇಲುಕೋಟೆ ಪಂಚೆಯಂತೆ ಮೆತ್ತಗಿರುತ್ತದೆ.

ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲು, ಅಕ್ಕ-ತಂಗಿ ಕೊಳ, ಪೂರ್ತಿಯಾಗದ ರಾಯಗೋಪುರದ ಕಂಬಗಳು: ಇವೆಲ್ಲ ಕಲ್ಲು. ಕಲ್ಲಿಗೆ ಹೊಳಪು ಬೇಡ. ಹತ್ತಿಯ ಮ್ಯಾಟ್ ಕಾಗದದಲ್ಲಿ ಕಲ್ಲಿನ ತರಿ ತರಿಯಾಗಿಯೇ ಉಳಿಯುತ್ತದೆ, ಬೆಳಗಿನ ಮಂಜು ಮಂಜಾಗಿ. ಆದರೆ ವೈರಮುಡಿಯ ರಾತ್ರಿಗೆ ಇದೇ ಕಾಗದ ಸಾಲದು. ಮಂಡ್ಯದ ಖಜಾನೆಯಿಂದ ಬಂದ ಕಿರೀಟ ಕತ್ತಲಲ್ಲಿ ಮೆರೆಯುವ ಉತ್ಸವ ಅದು. ಕತ್ತಲು ಪೂರ್ತಿ ಕತ್ತಲಾಗದಿದ್ದರೆ ಕಿರೀಟ ಬೆಳಗುವುದಿಲ್ಲ. ಮ್ಯಾಟ್ ಕಾಗದದ ಕಪ್ಪಿನ ಸಾಂದ್ರತೆ ಸುಮಾರು 1.7, ಬರೈಟಾ ಲೇಪದ್ದು 2.3ರ ಆಸುಪಾಸು. ಅಳತೆಯಲ್ಲಿ ಸಣ್ಣ ಅಂತರವೆನಿಸಿದರೂ, ಮ್ಯಾಟ್‌ನ ಕಪ್ಪಿನಿಂದ ಕಣ್ಣಿಗೆ ತಿರುಗಿ ಬರುವ ಬೆಳಕು ನಾಲ್ಕು ಪಟ್ಟು ಹೆಚ್ಚು. ಹಾಗಾಗಿ ವೈರಮುಡಿಗೆ ನಾನು ಬರೈಟಾ ಬಿಟ್ಟು ಬೇರೆ ಕಾಗದ ಮುಟ್ಟುವುದಿಲ್ಲ. ಶಾಯಿಯೂ ಬೇರೆ: ಮ್ಯಾಟ್‌ಗೆ ಮ್ಯಾಟ್ ಬ್ಲ್ಯಾಕ್, ಬರೈಟಾಕ್ಕೆ ಫೋಟೊ ಬ್ಲ್ಯಾಕ್.

ಬಿಳುಪಿನ ವಿಷಯದಲ್ಲಿ ನಾನು ಹಟವಾದಿ. ಕಣ್ಣು ಕುಕ್ಕುವಷ್ಟು ಬೆಳ್ಳಗಿರುವ ಬಹುತೇಕ ಕಾಗದಗಳಲ್ಲಿ ಹೊಳಪು ರಾಸಾಯನಿಕ ಬೆರೆಸಿರುತ್ತಾರೆ. ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕು ಸೂಸುವುದು ಅದರ ಕೆಲಸ. ವರ್ಷಗಳುರುಳಿದಂತೆ ಆ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಅಂಗಡಿಯವರು ಖೋಟಾ ನೋಟು ನೋಡಲು ಇಟ್ಟುಕೊಳ್ಳುವ ನೀಲಿ ಟಾರ್ಚನ್ನು ಕತ್ತಲಲ್ಲಿ ಕಾಗದದ ಮೇಲೆ ಬಿಡಿ. ಬೆರಕೆಯಿದ್ದರೆ ಕಾಗದ ನೀಲಿಯಾಗಿ ಉರಿಯುತ್ತದೆ. ಕ್ಯಾನ್ಸನ್‌ನ ರ‍್ಯಾಗ್ ಫೋಟೊಗ್ರಾಫಿಕ್‌ನಂಥ ಬೆರಕೆಯಿಲ್ಲದ ಹತ್ತಿ ಕಾಗದ ಸ್ವಲ್ಪ ಕೆನೆಬಣ್ಣಕ್ಕಿರುತ್ತದೆ. ಹಳೆಯ ಮನೆಗಳ ಸುಣ್ಣದ ಗೋಡೆಯ ಮೇಲೆ ಅದೇ ಒಪ್ಪುತ್ತದೆ.

ಮೇಲುಕೋಟೆ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಮನೆಗಳಲ್ಲಿ ಕಟ್ಟು ಹಾಕಿಸಿದ ಹಳೆಯ ಫೋಟೊಗಳು ಇನ್ನೂ ಗೋಡೆಯ ಮೇಲಿವೆ. ಮಳೆಗಾಲದ ತೇವಕ್ಕೆ ಕೆಲವು ಗಾಜಿಗೇ ಅಂಟಿವೆ. ದಯವಿಟ್ಟು ಅವನ್ನು ಕೀಳಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಗಾಜಿನ ಸಮೇತ ತಂದು ಸ್ಕ್ಯಾನ್ ಮಾಡಿಸಿ, ಹತ್ತಿ ಕಾಗದದ ಮೇಲೆ ಪಿಗ್‌ಮೆಂಟ್ ಶಾಯಿಯಲ್ಲಿ ಇನ್ನೊಂದು ಪ್ರತಿ ತೆಗೆಸಿ. ಪ್ರತಿಯ ಹಿಂಬದಿಗೆ ಪೆನ್ಸಿಲ್‌ನಲ್ಲಿ ಫೋಟೊದಲ್ಲಿರುವವರ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆಯಿರಿ. ಆ ಹೆಸರುಗಳನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.