ಹಿತ್ತಿಲಿಗೆ ಬಂದ ನವಿಲುಕೋಸು



ಮದುವೆಯ ಊಟದಲ್ಲಿ ಬಾಳೆಯೆಲೆಯ ಮೇಲೆ ಸಾಗು ಬಡಿಸಿದಾಗ ಅದರೊಳಗಿನ ತಿಳಿಹಸಿರು ಹೋಳುಗಳನ್ನು ನೀವು ಗಮನಿಸಿರಬಹುದು. ಅದು ನವಿಲುಕೋಸು, ಕೆಲವರ ಬಾಯಲ್ಲಿ ಗೆಡ್ಡೆಕೋಸು. ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಇಂದು ಅದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಆದರೆ ಪ್ರತಿಯೊಂದು ಮನೆತನದಲ್ಲಿಯೂ ಅದನ್ನು ಮೊದಲ ಬಾರಿಗೆ ಬಿತ್ತಿದ, ಮೊದಲ ಬಾರಿಗೆ ಹೆಚ್ಚಿದ ಒಂದು ಜೊತೆ ಕೈಗಳು ಇದ್ದಿರಲೇಬೇಕಲ್ಲವೇ? ನಮ್ಮ ಮನೆಯಲ್ಲಿ ಅವು ನನ್ನ ತಾಯಿಯ ಕೈಗಳು.

ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಕೆಲವು ವರ್ಷಗಳ ಬಳಿಕ ನಾಲೆಯ ನೀರು ನಮ್ಮ ತುಂಡು ಹೊಲದ ಅಂಚಿಗೂ ಬಂದಿತು. ಅಲ್ಲಿಯವರೆಗೆ ಮಳೆಯನ್ನು ನಂಬಿ ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಮನೆ ನಮ್ಮದು. ತಂದೆ ಒಂದು ದಿನ ನಂಜನಗೂಡಿನಿಂದ ಸಾಸಿವೆಯಂತಹ ಬೀಜದ ಪೊಟ್ಟಣವೊಂದನ್ನು ತಂದು ತಾಯಿಯ ಕೈಗಿತ್ತರು. ಗಣೇಶನ ಹಬ್ಬ ಕಳೆದು ಬಿಸಿಲು ತಗ್ಗಿದ ಕಾಲ. ತಾಯಿ ಮಡಿಯಲ್ಲಿ ಬಿತ್ತಿ, ತಿಂಗಳು ತುಂಬಿದ ಪೈರನ್ನು ಗೇಣಿಗೊಂದರಂತೆ ನೆಟ್ಟರು. ಸಂಜೆಗೊಮ್ಮೆ ನೀರು ಹಾಯಿಸಿದರು.

ಗಿಡ ಚೆನ್ನಾಗಿಯೇ ಬಂದಿತು. ನೆಲಕ್ಕೆ ತಾಗಿಯೂ ತಾಗದಂತೆ ಕಾಂಡ ಉಬ್ಬಿ ಚೆಂಡಾಯಿತು. ಎಲೆಕೋಸನ್ನು ಮಾತ್ರ ಕಂಡಿದ್ದ ನಮ್ಮವರು, ಇದೂ ಅಷ್ಟೇ ದೊಡ್ಡದಾಗಲೆಂದು ಕಾದರು. ತೆಂಗಿನಕಾಯಿಯ ಗಾತ್ರವಾದ ಮೇಲೆ ಕಿತ್ತು, ಎಲೆಗಳನ್ನೆಲ್ಲ ಎಮ್ಮೆಗೆ ಹಾಕಿ, ಹುಳಿ ಮಾಡಿದರು. ಎರಡು ಗಂಟೆ ಕುದಿಸಿದರೂ ಹೋಳು ಬೇಯಲಿಲ್ಲ. ಅಗಿದರೆ ಬರೀ ನಾರು. ಅಜ್ಜಿ ತಟ್ಟೆಯನ್ನು ಸರಿಸಿ, "ಸೌದೆ ಒಲೆಯೊಳಗಿರಬೇಕು ಕಣವ್ವ, ಪಾತ್ರೆಯೊಳಗಲ್ಲ. ನಮ್ಮ ಮಣ್ಣಿನದಲ್ಲದ್ದು ನಮಗೇಕೆ?" ಎಂದರು. ತಾಯಿ ಮರುಮಾತಾಡಲಿಲ್ಲ. ಬೀಜದ ಹಣ, ಮೂರು ತಿಂಗಳ ದುಡಿಮೆ, ಮನೆಯಲ್ಲಿದ್ದ ಒಂದಿಷ್ಟು ಮರ್ಯಾದೆ ಎಲ್ಲವೂ ಆ ತಟ್ಟೆಯೊಡನೆ ಸರಿದುಹೋದಂತೆ ಅವರಿಗೆ ತೋರಿತೆಂದು ಬಹುಕಾಲದ ನಂತರ ನನಗೆ ಹೇಳಿದರು.

ಅಜ್ಜಿಯ ಪ್ರಶ್ನೆ ಸಣ್ಣದಲ್ಲ. ನಮ್ಮ ಮಣ್ಣಿನದು ಯಾವುದು, ಅಲ್ಲದ್ದು ಯಾವುದು?

ಶಾಸನಗಳು ದೊರೆಗಳ ದಾನದತ್ತಿಗಳನ್ನು ಕಲ್ಲಿನ ಮೇಲೆ ಉಳಿಸುತ್ತವೆ. ಹಿತ್ತಿಲ ಪಾತಿಯ ಚರಿತ್ರೆ ಉಳಿಯುವುದು ಹೆಸರುಗಳಲ್ಲಿ. ಜರ್ಮನ್ ಭಾಷೆಯಲ್ಲಿ ಇದರ ಹೆಸರು ಕೋಲ್‌ರಾಬಿ. ಕೋಸು ಮತ್ತು ಮೂಲಂಗಿಯಂತಹ ಗೆಡ್ಡೆ, ಈ ಎರಡು ಪದಗಳು ಕೂಡಿ ಆದದ್ದು. ಬೀಜದಂಗಡಿಯವರು ಹೇಳುವ 'ನೋಲ್‌ಕೋಲ್' ಎಂಬುದು ಡಚ್ಚರ ಮಾತು. ಹೆಸರಿನಲ್ಲಿ ಗೆಡ್ಡೆಯಿದ್ದರೂ ಇದು ಬೇರಲ್ಲ, ಉಬ್ಬಿದ ಕಾಂಡ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಸಸ್ಯಜಾತಿಯ ಮಕ್ಕಳು. ರೈತರು ಒಂದರಲ್ಲಿ ಎಲೆಯನ್ನು, ಒಂದರಲ್ಲಿ ಹೂವನ್ನು, ಇನ್ನೊಂದರಲ್ಲಿ ಕಾಂಡವನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಫಲವಿದು. ಇಟಲಿಯ ವೈದ್ಯ ಮತ್ತಿಯೋಲಿ 1554ರಲ್ಲಿ ಇದನ್ನು ಕುರಿತು ಬರೆಯುವಾಗ, ಇದು ತನ್ನ ನಾಡಿಗೆ ಇತ್ತೀಚೆಗೆ ಬಂದದ್ದೆಂದೇ ಹೇಳಿದ್ದಾನೆ. ಅಂದಮೇಲೆ ಯುರೋಪಿನಲ್ಲಿಯೂ ಇದು ಒಂದು ಕಾಲದ ಹೊಸಬನೇ.

ನಮ್ಮ ಸೀಮೆಯ ಸುತ್ತ ಯುರೋಪಿನ ತರಕಾರಿಗಳು ನೆಲೆಯೂರಿದ್ದು ಎರಡು ತೋಟಗಳ ಮೂಲಕ. ದಕ್ಷಿಣಕ್ಕೆ ನೀಲಗಿರಿ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಆ ಬೆಟ್ಟಗಳನ್ನೇರಿ, ಮುಂದೆ ಅಲ್ಲಿ ತನ್ನ ನಾಡಿನ ತರಕಾರಿಗಳನ್ನು ಬೆಳೆಸಿದನು. 1840ರ ದಶಕದಲ್ಲಿ ಅಲ್ಲಿನ ಯುರೋಪಿಯನ್ನರು ತಿಂಗಳಿಗೆ ಮೂರು ರೂಪಾಯಿ ವಂತಿಗೆ ಹಾಕಿ, ತರಕಾರಿ ಅಗ್ಗವಾಗಿ ದೊರೆಯಲೆಂದು ಒಂದು ತೋಟ ಮಾಡಿಕೊಂಡರು. ಊಟಿಯ ಪ್ರಸಿದ್ಧ ಸಸ್ಯೋದ್ಯಾನ ಬೆಳೆದದ್ದು ಆ ಕಾಯಿಪಲ್ಲೆಯ ಪಾತಿಗಳಿಂದ! ಉತ್ತರಕ್ಕೆ ಬೆಂಗಳೂರಿನ ಲಾಲ್‌ಬಾಗ್. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಆ ತೋಟವನ್ನು 1874ರಿಂದ 1908ರವರೆಗೆ ನೋಡಿಕೊಂಡ ಜಾನ್ ಕ್ಯಾಮರಾನ್ ಹೊರನಾಡಿನ ಅನೇಕ ಸಸಿಗಳನ್ನು ಇಲ್ಲಿ ಒಗ್ಗಿಸಿದರು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿಯೂ, ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೂ ರೈಲು ಬಂದಿತು. ಮೈಸೂರಿನಿಂದ ಊಟಿಗೆ ಹೋಗುವ ರಸ್ತೆ ನಂಜನಗೂಡಿನ ಮೇಲೆಯೇ ಹಾದುಹೋಗುತ್ತದೆ. ಹೀಗೆ ಎರಡೂ ದಾರಿಗಳು ಸೇರುವ ತಾಣದಲ್ಲಿ ನಮ್ಮ ತಾಲ್ಲೂಕುಗಳಿವೆ.

ಹೊರಗಿನಿಂದ ಬಂದ ವಸ್ತುವಿಗೆ ನಮ್ಮ ಹಿರಿಯರು 'ಸೀಮೆ' ಎಂಬ ಗುರುತು ಹಚ್ಚುತ್ತಿದ್ದರು: ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ನವಿಲುಕೋಸಿಗೆ ಆ ಗುರುತು ಅಂಟಲಿಲ್ಲ. ಚೆಂಡಿನ ಮೇಲೆ ಬಿಡಿಬಿಡಿಯಾಗಿ ನಿಂತ ಎಲೆಗಳನ್ನು ನೋಡಿದರೆ ನವಿಲಿನ ಜುಟ್ಟು ಕಣ್ಣಿಗೆ ಕಟ್ಟುತ್ತದೆ. ಹಾಗೆಯೇ, ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಕಾಯಿಯೊಂದು ಮೆಣಸಿನ ಹೆಸರನ್ನು ಎರವಲು ಪಡೆದು ಮೆಣಸಿನಕಾಯಿಯಾಯಿತು. ಅಷ್ಟೇಕೆ, ನಾವು ನಮ್ಮ ಪ್ರಾಣವೆಂದು ನಂಬಿದ ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನೆಲ. ಅದು ಸಾವಿರಾರು ವರ್ಷಗಳ ಹಿಂದೆ ಬಂದದ್ದರಿಂದ ನಾವು ಅದರ ಪಯಣವನ್ನು ಮರೆತಿದ್ದೇವೆ, ಅಷ್ಟೇ. ಅಜ್ಜಿ ನವಿಲುಕೋಸನ್ನು ಪರಕೀಯವೆಂದು ದೂರ ಸರಿಸಿದಾಗ ಅವರ ಇನ್ನೊಂದು ಕೈಯಲ್ಲಿದ್ದುದು ರಾಗಿಮುದ್ದೆ!

ತಾಯಿ ಸೋಲೊಪ್ಪಲಿಲ್ಲ. ಸಂತೆಯಲ್ಲಿ ತರಕಾರಿ ಮಾರುವ ಮುದುಕಿಯೊಬ್ಬರನ್ನು ಕೇಳಿದರು. ಆಕೆ ನಕ್ಕು ಹೇಳಿದ್ದಿಷ್ಟು: ನೆಟ್ಟು ಎರಡು ತಿಂಗಳು ದಾಟಗೊಡಬಾರದು, ಕಿತ್ತಳೆಹಣ್ಣಿನ ಗಾತ್ರವಾದಾಗಲೇ ಕೀಳಬೇಕು, ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಚೆಂಡು ಸೀಳುತ್ತದೆ, ಸಿಪ್ಪೆಯನ್ನು ದಪ್ಪಗೆ ತೆಗೆಯಬೇಕು, ಎಳೆಯ ಎಲೆಯನ್ನು ಎಸೆಯದೆ ಬಸ್ಸಾರಿಗೆ ಹಾಕಬೇಕು. ಕಾಶ್ಮೀರದವರು ಇಂದಿಗೂ ಎಲೆ ಮತ್ತು ಚೆಂಡು ಎರಡನ್ನೂ ಕೂಡಿಸಿಯೇ ಬೇಯಿಸುತ್ತಾರೆಂದು ತಿಳಿದಾಗ ಆ ಮುದುಕಿಯ ಮಾತು ನನಗೆ ನೆನಪಾಯಿತು. ಮರುವರ್ಷ ತಾಯಿ ಕಡಲೆಬೇಳೆ, ತೆಂಗಿನತುರಿ ಹಾಕಿ ಪಲ್ಯ ಮಾಡಿದರು. ಅಜ್ಜಿ ಏನೂ ಹೇಳಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡರು.

ಆದರೆ ಒಂದು ಆಸೆ ಮಾತ್ರ ಕೈಗೂಡಲಿಲ್ಲ. ರಾಗಿ, ಅವರೆಗಳಂತೆ ಇದರ ಬೀಜವನ್ನೂ ಮನೆಯಲ್ಲಿಯೇ ಉಳಿಸಿಕೊಳ್ಳಬೇಕೆಂದು ತಾಯಿ ಎರಡು ಗಿಡಗಳನ್ನು ಕೀಳದೆ ಬಿಟ್ಟರು. ಬೇಸಗೆ ಬಂದು ಅವು ಒಣಗಿದವೇ ಹೊರತು ಹೂ ಬಿಡಲಿಲ್ಲ. ಇದು ಎರಡು ವರ್ಷದ ಬಾಳಿನ ಗಿಡ. ದೀರ್ಘವಾದ ಚಳಿಯನ್ನು ಕಂಡ ಮೇಲೆಯೇ ಹೂ ಬಿಡುತ್ತದೆ. ಅಂತಹ ಚಳಿ ನಮ್ಮ ಬಯಲಿನಲ್ಲಿಲ್ಲ. ಹಿಮಾಲಯದ ತಪ್ಪಲಿನಂತಹ ತಂಪು ನೆಲಗಳಲ್ಲಿದೆ. ತಾಯಿ ಪ್ರತಿವರ್ಷವೂ ಬೀಜ ಕೊಂಡೇ ಬೆಳೆದರು, ದೂರದ ಚಳಿಯಲ್ಲಿ ನಿಂತು ಬೀಜ ಬಿಡಿಸಿದ ಕಾಣದ ಕೈಗಳಿಗೆ ಋಣಿಯಾಗಿ.

ಓದುಗರೇ, ಇಂದು ಸಂಜೆ ನಿಮ್ಮ ಅಡುಗೆಮನೆಯ ತರಕಾರಿ ಬುಟ್ಟಿಯ ಮುಂದೆ ಮಕ್ಕಳನ್ನು ಕೂರಿಸಿ, ಇವುಗಳಲ್ಲಿ ನಮ್ಮವು ಯಾವುವು ಎಂದು ಕೇಳಿ ನೋಡಿ. ಅವರು ಎಲ್ಲವನ್ನೂ ತೋರಿಸಿದರೆ ತಿದ್ದಬೇಡಿ. ಬಂದ ದಾರಿಯನ್ನು ಮಾತ್ರ ಹೇಳಿಕೊಡಿ.