ಅವ್ವನ ಪಾವು, ಭಟ್ಟಿಯ ತಕ್ಕಡಿ

ನಮ್ಮವ್ವನ ಹಿತ್ತಾಳೆ ಪಾವಿನ ತುಂಬ ನೀರು ಹಾಕಿದರೆ 230 ಗ್ರಾಂ ತೂಗುತ್ತದೆ. ಅದೇ ಪಾವಿಗೆ ಮೈದಾ ಹಗುರಾಗಿ ಸುರಿದರೆ 122, ಒತ್ತಿ ತುಂಬಿದರೆ 150 ದಾಟುತ್ತದೆ. ಸಕ್ಕರೆ 195, ಕರಗಿಸಿದ ತುಪ್ಪ 209. ಅವ್ವ ಹೋದ ಮೇಲೆ ನಾನೇ ಕೂತು ತೂಗಿ ಬರೆದಿಟ್ಟ ಅಂಕಿಗಳಿವು. ಮೊದಲೇ ತಿಳಿದಿದ್ದರೆ ನಮ್ಮ ಸೀಮೆಯ ಕೊಹೀರ್‌ನಲ್ಲಿ ಒಂದು ಬೇಸಿಗೆ ನಮ್ಮ ಮನೆಯ ನಾನಖಟಾಯಿ ಕೆಡುತ್ತಿರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಒಲೆ ಇತ್ತು, ಭಟ್ಟಿ ಇರಲಿಲ್ಲ. ಹಬ್ಬಕ್ಕೋ ಮದುವೆಗೋ ಬಿಸ್ಕೀಟು ಬೇಕೆಂದರೆ ಸಾಮಾನು ಡಬ್ಬಿಗೆ ತುಂಬಿಕೊಂಡು ಬೇಕರಿಗೆ ಒಯ್ಯಬೇಕಿತ್ತು. ಅವರು ಸುಟ್ಟುಕೊಟ್ಟು ಕೂಲಿ ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಅವ್ವ ಹಿಟ್ಟನ್ನು ಮನೆಯಲ್ಲೇ ಕಲಸಿದಳು. ಭಟ್ಟಿಯ ಚಾಚಾ ಹೇಳಿಕೊಟ್ಟ ಲೆಕ್ಕ ಸರಳ: ಮೈದಾ ಎರಡು ಪಾಲು, ಸಕ್ಕರೆ ಒಂದು, ತುಪ್ಪ ಒಂದು. ಅವ್ವ ಪಾವಿನಿಂದಲೇ ಅಳೆದಳು. ತಟ್ಟೆಯಲ್ಲಿಟ್ಟ ಉಂಡೆಗಳು ಭಟ್ಟಿಯೊಳಗೆ ಹರಡಿ, ಒಂದಕ್ಕೊಂದು ಕೂಡಿ, ಹಾಳೆಯಂತಾಗಿ ಹೊರಬಂದವು.

“ಅಮ್ಮಾ, ನಾ ತೂಕದ ಮಾತು ಹೇಳಿದ್ದೆ, ನೀವು ಅಳತಿ ತಗೊಂಡ್ರಿ,” ಎಂದರು ಚಾಚಾ. ಅವ್ವ ಉತ್ತರ ಕೊಡಲಿಲ್ಲ. ಈಗ ಲೆಕ್ಕ ಹಾಕಿದರೆ, ಎರಡು ಪಾವು ಎಂದರೆ 244 ಗ್ರಾಂ ಮೈದಾ. ಅದಕ್ಕೆ 122 ಗ್ರಾಂ ತುಪ್ಪ ಸಾಕಿತ್ತು. ಅವ್ವನ ಪಾವು 209 ಗ್ರಾಂ ಹಾಕಿತ್ತು.

ಅವ್ವನಿಗೆ ತಿಳಿವಳಿಕೆ ಕಡಿಮೆ ಇತ್ತೆಂದು ಯಾರೂ ಅನ್ನಬಾರದು. ಪಾವು ಯಾವುದರ ಕಾಲುಭಾಗವೋ ಆ ಸೇರು ಎಂಬ ಒಂದೇ ಹೆಸರು ತಕ್ಕಡಿಯ ಕಲ್ಲಿಗೂ ಇತ್ತು, ಅಳೆಯುವ ಪಾತ್ರೆಗೂ ಇತ್ತು. ತೂಕದಲ್ಲಿ 80 ತೊಲದ ಸೇರು ಇಂದಿನ 933 ಗ್ರಾಂ. 16 ಛಟಾಕಿಗೆ ಒಂದು ಸೇರು, 40 ಸೇರಿಗೆ ಒಂದು ಮಣ. ಪಾತ್ರೆಯ ಸೇರನ್ನು ತೂಕಕ್ಕೆ ಹೊಂದಿಸಲು ಮೈಸೂರು ಸೀಮೆಯಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಒಂಬತ್ತು ಬಗೆಯ ಧಾನ್ಯಗಳನ್ನು ಸಮವಾಗಿ ಬೆರೆಸಿ, ಆ ಬೆರಕೆಯಿಂದ 84 ರೂಪಾಯಿ ನಾಣ್ಯಗಳಷ್ಟು ತೂಗಿ, ಅದನ್ನು ರಾಶಿಯಾಗಿ ಹಿಡಿಯುವ ಪಾತ್ರೆಯನ್ನೇ ಪಕ್ಕಾ ಸೇರು ಎನ್ನುತ್ತಿದ್ದರು. ಎಂಥ ವಿವೇಕ! ಜೋಳದ ಸೇರಿನ ಭಾರ ಬೇರೆ, ತೊಗರಿಯದು ಬೇರೆ ಎಂದು ಬಲ್ಲವರಷ್ಟೇ ಹೀಗೆ ಬೆರೆಸಿ ತೂಗಿಯಾರು. ಆದರೆ ಅದು ಕಾಳಿನ ಲೆಕ್ಕ. ನುಣ್ಣನೆಯ ಮೈದಾಕ್ಕೂ ತುಪ್ಪಕ್ಕೂ ಅದು ಒಗ್ಗುವುದಿಲ್ಲ.

1956ರಲ್ಲಿ ನಮ್ಮ ಸೀಮೆಯ ಎರಡು ಲೆಕ್ಕಗಳು ಒಟ್ಟಿಗೇ ಬದಲಾದವು. ನವೆಂಬರ್ 1ರಂದು ಕೊಹೀರ್, ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆ ಬಿಟ್ಟು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಸೇರಿದವು. ತಾಂಡೂರು ಗುಲ್ಬರ್ಗಾದಿಂದ ಕಳಚಿಕೊಂಡಿತು. ಅದೇ ವರ್ಷದ ಕೊನೆಗೆ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1958ರ ಅಕ್ಟೋಬರ್ 1ರಿಂದ ದೇಶದ ಕೆಲವೆಡೆ ಕಿಲೋಗ್ರಾಂ ಶುರುವಾಗಿ, 1962ರ ಹೊತ್ತಿಗೆ ಎಲ್ಲೆಡೆ ಕಡ್ಡಾಯವಾಯಿತು. ಕಾನೂನು ಅಂಗಡಿಯ ಕಲ್ಲುಗಳನ್ನು ಬದಲಿಸಿತು. ಅಡುಗೆಮನೆಯ ಗೂಡಿನಲ್ಲಿದ್ದ ಹಿತ್ತಾಳೆ ಪಾವನ್ನು ಕೇಳುವವರು ಯಾರು? ಕಿರಾಣಿಯಿಂದ ಕಿಲೋ ಲೆಕ್ಕದಲ್ಲಿ ತಂದ ಅಕ್ಕಿಯನ್ನು ಅವ್ವ ಕೊನೆಯವರೆಗೂ ಪಾವಿನಿಂದಲೇ ಅಳೆದು ಹಾಕಿದಳು. ಅನ್ನ ಒಂದು ದಿನವೂ ಕೆಡಲಿಲ್ಲ, ಏಕೆಂದರೆ ಅಕ್ಕಿಗೂ ನೀರಿಗೂ ಒಂದೇ ಪಾತ್ರೆ. ಕೆಟ್ಟದ್ದು ಅಳತೆಯ ಮಾತು ತೂಕದ ಮಾತಿಗೆ ಸಿಕ್ಕಿಕೊಂಡಾಗ ಮಾತ್ರ.

ಪಾವಿನ ಅಡುಗೆಯನ್ನು ಗ್ರಾಮಿಗೆ ತರುವಾಗ ಎಲ್ಲವನ್ನೂ ಒಂದೇ ಅಂಕಿಯಿಂದ ಗುಣಿಸಿದರೆ ಅವ್ವನಿಗಾದದ್ದೇ ಆಗುತ್ತದೆ. ಒಂದೊಂದು ಸಾಮಾನನ್ನೂ ಅದೇ ಪಾತ್ರೆಯಲ್ಲಿ ಬೇರೆ ಬೇರೆ ತೂಗಬೇಕು. ಹಿಟ್ಟನ್ನು ಮನೆಯಲ್ಲಿ ಹೇಗೆ ತುಂಬುತ್ತಿದ್ದರೋ ಹಾಗೆಯೇ ತುಂಬಬೇಕು. ನಿಮ್ಮ ಮನೆಯಲ್ಲೂ ಅಂಥ ಪಾವು ಇದ್ದರೆ ಗುಜರಿಗೆ ಹಾಕಬೇಡಿ. ಅದರಿಂದ ಅಳೆಯುವ ಕೈ ಇರುವಾಗಲೇ, ಆ ಕೈಯಿಂದಲೇ ತುಂಬಿಸಿ, ತೂಗಿ ಬರೆದಿಟ್ಟುಕೊಳ್ಳಿ.